ಉರುಳಿದ ನಿಂಬೆಹಣ್ಣು

ಹುಣಸೂರಿನ ಸುತ್ತ ಹತ್ತು ಹನ್ನೆರಡು ಹಳ್ಳಿಗಳಲ್ಲಿ ಯಾರು ಯಾರನ್ನು ಮದುವೆಯಾಗಬೇಕು, ಯಾರು ಯಾರ ಮನೆಗೆ ಕಾಲಿಟ್ಟರೆ ಯಾರು ಸಾಯುತ್ತಾರೆ ಎಂಬ ದೊಡ್ಡ ದೊಡ್ಡ ವಿಚಾರಗಳೆಲ್ಲ ಆ ಕಾಲದಲ್ಲಿ ಒಂದು ನಿಂಬೆಹಣ್ಣಿನ ಮೇಲೆ ನಿಂತಿದ್ದವು. ಇದು ಪೂರ್ತಿ ಗೊತ್ತಿದ್ದವಳು ಸೂಲಗಿತ್ತಿ ಬಷೀರಾಬಿ ಒಬ್ಬಳೇ.

ಸಂಗತಿ ಇಷ್ಟು. ಒಕ್ಕಲು ಮನೆಗಳಲ್ಲಿ ಹೆರಿಗೆ ನೋವು ಶುರುವಾದರೆ ಒಂದು ಗಾಡಿ ಬಷೀರಾಬಿಯನ್ನು ಕರೆತರಲು ಹೋಗುತ್ತಿತ್ತು, ಇನ್ನೊಂದು ಸುಬ್ಬಾ ಜೋಯಿಸರನ್ನು. ಜೋಯಿಸರು ಜಗಲಿಯ ಮೇಲೆ ಚಾಪೆ ಹಾಸಿಸಿಕೊಂಡು, ಪಂಚಾಂಗ ಬಿಚ್ಚಿ, ಸರಪಳಿ ಗಡಿಯಾರವನ್ನು ಮುಂದಿಟ್ಟುಕೊಂಡು ಕೂರುವರು. ತಾಲ್ಲೂಕು ಕಚೇರಿಯ ಗಂಟೆ ಕೇಳಿ ಅವರು ದಿನಾ ಅದರ ಮುಳ್ಳು ಸರಿಮಾಡುತ್ತಿದ್ದರು. ಅರ್ಧ ನಿಮಿಷ ಆಚೀಚೆಯಾದರೂ ಜಾತಕವೇ ಬೇರೆಯಾಗುತ್ತದೆ ಎಂದು ಎದುರಿಗೆ ಕೂತವರಿಗೆಲ್ಲ ಹೇಳುವರು. ಹೆರುವ ಕೋಣೆಗೆ ಗಂಡಸರು ಇಣುಕುವಂತಿಲ್ಲವಲ್ಲ, ಅದಕ್ಕೇ ಸೂಲಗಿತ್ತಿಯ ಕೈಗೆ ಒಂದು ನಿಂಬೆಹಣ್ಣು ಕೊಡುತ್ತಿದ್ದರು. ಕೂಸು ಭೂಮಿಗೆ ಬಿದ್ದ ಕ್ಷಣ ಅವಳು ಹಣ್ಣನ್ನು ಹೊಸ್ತಿಲಾಚೆ ಉರುಳಿಸಬೇಕು, ಹಣ್ಣು ಕಂಡ ಕ್ಷಣ ಜೋಯಿಸರು ಗಡಿಯಾರ ನೋಡಬೇಕು. ಕೂಸಿನ ಅಳುವನ್ನು ಅವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕೆಲವು ಕೂಸುಗಳು ತಡವಾಗಿ ಅಳುತ್ತವೆ, ಕೆಲವು ಅಳುವುದೇ ಇಲ್ಲ, ಆದ್ದರಿಂದ ಹಣ್ಣೇ ಸಾಕ್ಷಿ ಎಂದು ಅವರೇ ಮಾಡಿಟ್ಟಿದ್ದ ಕಟ್ಟಳೆ.

ಈಗ ಕೋಣೆಯೊಳಗಿನ ಮಾತು ಕೇಳಿ. ಹೊಕ್ಕುಳಬಳ್ಳಿ ಕತ್ತಿಗೆ ಸುತ್ತಿಕೊಂಡು ನೀಲಿಗಟ್ಟಿದ ಕೂಸನ್ನು ತಲೆಕೆಳಗೆ ಹಿಡಿದು ಬೆನ್ನು ತಟ್ಟುತ್ತಿರುವ ಹೆಂಗಸಿಗೆ ನಿಂಬೆಹಣ್ಣು ನೆನಪಾಗುತ್ತದೆಯೇ? ಕೂಸು ಉಸಿರಾಡಬೇಕು, ಹೊಟ್ಟೆಯೊಳಗಿನ ಕಸ ಬೀಳಬೇಕು, ಬಾಣಂತಿಯ ರಕ್ತ ನಿಲ್ಲಬೇಕು. ಆಮೇಲೆ ಕೈ ತೊಳೆದುಕೊಂಡು, ಅಯ್ಯೋ ಹಣ್ಣು ಎಂದು ಬಷೀರಾಬಿ ಉರುಳಿಸುತ್ತಿದ್ದಳು. ಒಂದು ಸಲವಂತೂ ಹಣ್ಣು ಅವಳ ಸೊಂಟದಲ್ಲೇ ಉಳಿದು, ಕೂಸಿಗೆ ನೀರು ಹಾಕಿ ಮಲಗಿಸಿದ ಮೇಲೆ ಉರುಳಿತು. ಆ ಗಳಿಗೆಗೆ ರಾಜಯೋಗ ಬಂದಿತು. ಆ ಯೋಗದ ಒಡೆಯ ಈಗ ಪ್ರತಿ ಸಂತೆಯ ದಿನ ಹೆಂಡದಂಗಡಿಯ ಮುಂದೆ ಪಂಚೆಯ ಪರಿವೆ ಇಲ್ಲದೆ ಮಲಗಿರುತ್ತಾನೆ.

ಅವಳ ಸ್ವಂತ ಮಗಳು ಅಜೀಜುನ್ನೀಸಾ ಹುಟ್ಟಿದಾಗ ಯಾರೂ ಏನನ್ನೂ ಉರುಳಿಸಿರಲಿಲ್ಲ. ಅವಳು ಪಿರಿಯಾಪಟ್ಟಣದಲ್ಲಿ ಮೂರು ಮಕ್ಕಳನ್ನು ಹೆತ್ತು ಚೆನ್ನಾಗಿದ್ದಾಳೆ, ಎಪ್ಪತ್ತು ದಾಟಿದ ಅವಳ ಮಾವ ಇನ್ನೂ ಗಾಡಿಚಕ್ರ ಕೆತ್ತುತ್ತಾನೆ. ಬಷೀರಾಬಿ ತನ್ನವರನ್ನೂ ಬಿಡುತ್ತಿರಲಿಲ್ಲ, ನಮ್ಮವರು ತಾಯಿತಕ್ಕೆ ಓಡುತ್ತಾರೆ ನಿಮ್ಮವರು ಜಾತಕಕ್ಕೆ ಓಡುತ್ತಾರೆ, ಓಡುವ ಕಾಲು ಒಂದೇ ಎನ್ನುವಳು. ಹೀಗೆ ಮನಸ್ಸಿನೊಳಗೇ ನಕ್ಕುಕೊಂಡು ಮೂವತ್ತು ವರ್ಷ ಹಣ್ಣು ಉರುಳಿಸಿದಳು. ಸುಂದ್ರಮ್ಮನ ಮದುವೆಯ ಮಾತು ಬಂದ ಮೇಲೆ ಆ ನಗು ನಿಂತುಹೋಯಿತು.

ಲಕ್ಷ್ಮಣತೀರ್ಥ ಹೊಳೆಯ ಆಚೆ ದಡದ ಹಳ್ಳಿಯಲ್ಲಿ ಕರಿಯಪ್ಪ, ಮಾಯಮ್ಮ ಎಂಬ ಗಂಡಹೆಂಡತಿ ಇದ್ದರು. ಹದಿನಾರು ವರ್ಷದ ಹಿಂದೆ ಮಾಯಮ್ಮನ ಚೊಚ್ಚಲ ಹೆರಿಗೆ. ಮನೆ ಚಿಕ್ಕದು, ಕೋಣೆಯ ಬಾಗಿಲು ನೇರವಾಗಿ ಜಗಲಿಗೇ ತೆರೆಯುತ್ತಿತ್ತು. ಕೂಸು ಅಡ್ಡ ತಿರುಗಿತ್ತು. ಬಷೀರಾಬಿ ಎರಡೂ ಕೈಯಲ್ಲಿ ಹೊಟ್ಟೆ ಒತ್ತಿ ಕೂಸನ್ನು ತಿರುಗಿಸುತ್ತಿದ್ದಾಗ ನೋವು ತಾಳದೆ ಮಾಯಮ್ಮ ಕಾಲು ಝಾಡಿಸಿದಳು. ಚಾಪೆಯ ಅಂಚಿನಲ್ಲಿ ಇಟ್ಟಿದ್ದ ನಿಂಬೆಹಣ್ಣು ಒದೆ ತಿಂದು ಹೊಸ್ತಿಲು ಹಾರಿ ಜಗಲಿಗೆ ಹೋಯಿತು.

ಹೊರಗೆ ಹೋ ಎಂದು ಸಂತೋಷದ ಗದ್ದಲ. "ಇನ್ನೂ ಆಗಿಲ್ಲ ಕಣ್ರಪ್ಪೋ" ಎಂದು ಬಷೀರಾಬಿ ಕೂಗಿದ್ದು ಮಾಯಮ್ಮನ ಚೀರಾಟದಲ್ಲಿ ಮುಳುಗಿಹೋಯಿತು. ಜೋಯಿಸರು ಬರೆದುಕೊಂಡು, ಇನ್ನೊಂದು ಊರಿನಲ್ಲಿ ಪೂಜೆಯಿದೆ ಎಂದು ಗಾಡಿ ಹತ್ತಿಬಿಟ್ಟರು. ಜಗಲಿಯ ಗಂಡಸರೂ ಕರಿಯಪ್ಪನ ಜತೆ ಬೆಲ್ಲ ಹಂಚಲು ಹೊರಟುಹೋದರು, ನೋವಿನಲ್ಲಿದ್ದ ಮಾಯಮ್ಮನಿಗೆ ಹಣ್ಣು ಹಾರಿದ್ದೇ ತಿಳಿಯಲಿಲ್ಲ. ಸುಂದ್ರಮ್ಮ ಭೂಮಿಗೆ ಬಿದ್ದದ್ದು ಅದಾಗಿ ಒಂದು ಗಂಟೆಯ ಮೇಲೆ.

ಹೆಸರಿಡುವ ದಿನ ಜೋಯಿಸರು ಜಾತಕ ತಂದು ನಿಟ್ಟುಸಿರು ಬಿಟ್ಟರು. ಮೂಲಾ ನಕ್ಷತ್ರ. ಹೆತ್ತಪ್ಪನಿಗೂ ಆಗದು, ಮುಂದೆ ಕೈಹಿಡಿದವನ ಅಪ್ಪನಿಗೂ ಆಗದು. "ಇನ್ನೊಂದು ಅರ್ಧ ಗಂಟೆ ತಡೆದಿದ್ದರೆ ಪೂರ್ವಾಷಾಢ ಆಗಿಬಿಡುತ್ತಿತ್ತು, ಏನು ಮಾಡೋದು" ಎಂದರು. ಬಾಣಂತಿಯ ಪಕ್ಕ ಕೂತಿದ್ದ ಬಷೀರಾಬಿಗೆ ನಾಲಿಗೆಯ ತುದಿಗೆ ಬಂತು. ಆದರೆ ಹಣ್ಣು ಒದೆಸಿಕೊಂಡ ಸೂಲಗಿತ್ತಿ ಎಂಬ ಹೆಸರು ಬಂದರೆ ನಾಳೆ ಯಾರು ಕರೆಯುತ್ತಾರೆ? ಅದೂ ಅಲ್ಲದೆ, ಎಲ್ಲ ಸುಳ್ಳೇ ತಾನೆ, ಸುಳ್ಳಿನ ರಾಶಿಗೆ ಇನ್ನೊಂದು ಸೇರಿದರೆ ಯಾರ ಗಂಟು ಹೋಯಿತು ಎಂದುಕೊಂಡು ಬಾಯಿ ಮುಚ್ಚಿಕೊಂಡಳು.

ಎರಡು ವರ್ಷಕ್ಕೆ ಕರಿಯಪ್ಪ ಹೋದ. ಊರಿನ ಏಳು ಗಂಡಸರು ಕೋಟೆ ಸೀಮೆಯ ಕಾಡಿಗೆ ಬಿದಿರು ಕಡಿಯಲು ಹೋಗಿದ್ದರು, ಏಳಕ್ಕೆ ಏಳೂ ಚಳಿಜ್ವರ ಹೊತ್ತುಕೊಂಡು ಬಂದರು, ನಾಲ್ವರು ಸತ್ತರು. ಉಳಿದ ಮೂರು ಹೆಣಗಳ ಮನೆಯಲ್ಲಿ ಮೂಲಾ ನಕ್ಷತ್ರದ ಮಕ್ಕಳಿರಲಿಲ್ಲ. ಒಬ್ಬನಿಗಂತೂ ಮಕ್ಕಳೇ ಇರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ. ಕರಿಯಪ್ಪನನ್ನು ಮಾತ್ರ ಅವನ ಮಗಳು ತಿಂದಳು ಎಂದಾಯಿತು. ಜೋಯಿಸರು ಹೇಳಿರಲಿಲ್ಲವೇ ಎಂದು ಊರಿಗೂರೇ ಹೊಗಳಿತು. ಸುಳ್ಳು ಒಂದು ಸಲ ನಿಜವಾದಂತೆ ಕಂಡರೆ ಸಾಕು, ಆಮೇಲೆ ಅದಕ್ಕೆ ಊಟ ಹಾಕಿ ಸಾಕುವುದಕ್ಕೆ ಇಡೀ ಊರೇ ನಿಲ್ಲುತ್ತದೆ.

ಸುಂದ್ರಮ್ಮ ಬೆಳೆದದ್ದು ಹಾಗೆ. ಬೆಳಗ್ಗೆ ಎದ್ದು ಅವಳ ಮುಖ ನೋಡಬಾರದೆಂದು ಮಾಯಮ್ಮ ಅವಳನ್ನು ಗೋಡೆಗೆ ಮುಖಮಾಡಿ ಮಲಗಿಸುತ್ತಿದ್ದಳು. ಸಿಟ್ಟು ಬಂದಾಗ "ಅಪ್ಪನ್ನ ತಿಂದೋಳೆ" ಎಂಬುದೇ ಕರೆಯುವ ಹೆಸರು. ಪಿತೃಪಕ್ಷದಲ್ಲಿ ಕರಿಯಪ್ಪನಿಗೆ ಎಡೆ ಇಡುವ ದಿನ, ಅವಳ ನೆರಳು ಬಿದ್ದರೆ ಸತ್ತವನು ಎಡೆ ಮುಟ್ಟುವುದಿಲ್ಲ ಎಂದು, ಅವಳನ್ನು ಕೊಟ್ಟಿಗೆಯಲ್ಲಿ ದನಗಳ ಜತೆ ಕೂರಿಸುತ್ತಿದ್ದರು. ಅಡಿಗೆಯ ವಾಸನೆ ಕುಡಿದುಕೊಂಡು ಕೂಸು ಕತ್ತಲಾಗುವವರೆಗೆ ಅಲ್ಲೇ ಕೂತಿರುತ್ತಿತ್ತು. ಬಷೀರಾಬಿ ಒಂದು ಸಲ ಅದನ್ನು ಕಣ್ಣಾರೆ ಕಂಡು, ಮನೆಗೆ ಹೋಗಿ ಅತ್ತಳು. ಅತ್ತಳು, ಆದರೆ ಬಾಯಿ ಬಿಡಲಿಲ್ಲ.

ಈಗ ಸುಂದ್ರಮ್ಮನಿಗೆ ಹದಿನಾರು. ಅದೇ ಊರಿನ ದೇವಯ್ಯಗೌಡನ ಕಿರಿಮಗ ಚಲುವಯ್ಯ ಅವಳನ್ನು ಮೆಚ್ಚಿದ್ದ, ಅವಳೂ ಮೆಚ್ಚಿದ್ದಳು. ನಾಟಿಯಲ್ಲಿ ಅವಳ ಕೈಚಳಕ ನೋಡಿ ದೇವಯ್ಯನೂ ಹೂಂ ಎಂದಿದ್ದ. ಜಾತಕ ಬಂತು, ಹೂಂ ಊಹೂಂ ಆಯಿತು. ದೇವಯ್ಯ ಹೊತ್ತಿಗೆ ಮೂರು ಮುದ್ದೆ ನುಂಗಿ ಅರಗಿಸಿಕೊಳ್ಳುವ ಆಳು, ಹೋರಿಯ ಕೊಂಬು ಹಿಡಿದು ನಿಲ್ಲಿಸಿದವನು. ಅಂಥವನು ಒಂದು ಹಾಳೆಯ ಮೇಲಿನ ಎರಡಕ್ಷರಕ್ಕೆ ಹೆದರಿ ಬೆವೆತ. ಮಾಯಮ್ಮನ ಅಣ್ಣ ಬೇರೆ ಗಂಡು ಹುಡುಕಿದ. ಸರಗೂರಿನಲ್ಲಿ ಅಂಗಡಿ ಇಟ್ಟವನು, ನಲವತ್ತೆಂಟು ವಯಸ್ಸು, ಇಬ್ಬರು ಹೆಂಡಿರನ್ನು ಮಣ್ಣು ಮಾಡಿದವನು. ಅವನಿಗಿದ್ದ ದೊಡ್ಡ ಗುಣ ಒಂದೇ, ಅವನಿಗೆ ಅಪ್ಪ ಇರಲಿಲ್ಲ. ಜೋಯಿಸರು ಕೂಟ ಕೂಡಿಸಿ ನೋಡಿ ಬಹಳ ಚೆನ್ನಾಗಿದೆ ಎಂದರು. ಸತ್ತ ಇಬ್ಬರ ಜಾತಕವೂ ಅವನಿಗೆ ಬಹಳ ಚೆನ್ನಾಗಿಯೇ ಕೂಡಿತ್ತು. ಶುಕ್ರವಾರ ವೀಳ್ಯ ಬದಲಾಯಿಸುವುದೆಂದು ಗೊತ್ತಾಯಿತು.

ಸೋಮವಾರ ಈ ಸುದ್ದಿ ಕಿವಿಗೆ ಬಿದ್ದಾಗ ಬಷೀರಾಬಿ ಒಲೆಯ ಮೇಲಿದ್ದ ಎಸರು ಇಳಿಸಿ, ಹೊಳೆ ದಾಟಿ, ನೇರ ದೇವಯ್ಯನ ಜಗಲಿಗೆ ಬಂದಳು. ಜೋಯಿಸರೂ ಅಲ್ಲೇ ಇದ್ದರು. ದೇವಯ್ಯನ ಹಿರೀಸೊಸೆ ಕೆಂಪಾಜಮ್ಮನಿಗೆ ಆಗಲೇ ದಿನ ತುಂಬಿತ್ತು, ಯಾವಾಗ ಹೆತ್ತರೆ ಒಳ್ಳೆಯದು ಎಂದು ಕೇಳಲು ದೇವಯ್ಯ ಕರೆಸಿಕೊಂಡಿದ್ದ.

"ಗೌಡ್ರೆ, ಸುಂದ್ರೀದು ಮೂಲಾ ನಕ್ಷತ್ರ ಅಲ್ಲ ಕಣ್ರೀ," ಎಂದಳು. ಕಾಲು ಝಾಡಿಸಿದ್ದು, ಹಣ್ಣು ಹಾರಿದ್ದು, ಕೂಸು ಒಂದು ಗಂಟೆ ಬಿಟ್ಟು ಬಂದದ್ದು ಎಲ್ಲ ಬಿಡಿಸಿ ಹೇಳಿದಳು. "ತಪ್ಪು ನಂದು. ಅವತ್ತೇ ಏಳ್ಬೇಕಿತ್ತು, ಏಳ್ಲಿಲ್ಲ."

ದೇವಯ್ಯ ಜೋಯಿಸರ ಮುಖ ನೋಡಿದ. ಜೋಯಿಸರು ನಶ್ಯ ಏರಿಸಿ, ಮೂಗು ಒರೆಸಿಕೊಂಡು, ಸಾವಧಾನವಾಗಿ ಹೇಳಿದರು: "ಗೌಡರೆ, ಹಣ್ಣು ತಾನಾಗಿ ಉರುಳುತ್ತದೆಯೇ? ಗ್ರಹಗಳ ಪ್ರೇರಣೆ ಇಲ್ಲದೆ ಹುಲ್ಲುಕಡ್ಡಿಯೂ ಅಲುಗದು. ಆ ಹುಡುಗಿಗೆ ಮೂಲಾ ಎಂದು ಇತ್ತು, ಅದಕ್ಕೇ ಆ ಗಳಿಗೆಗೆ ಹಣ್ಣು ಹೊರಗೆ ಬಂತು. ಹೊಟ್ಟೆಯೊಳಗಿದ್ದ ಕೂಸು ಯಾವಾಗ ಬಂದರೇನು? ಅಪ್ಪ ಹೋದದ್ದು ಸುಳ್ಳೇ?"

"ಅವರಪ್ಪ ಚಳಿಜ್ವರ ಬಂದು ಸತ್ತ ಸ್ವಾಮಿ."

"ಚಳಿಜ್ವರ ಕಳಿಸಿದವರು ಯಾರು?"

ದೇವಯ್ಯ ತಲೆದೂಗಿದ. "ಬೀಬಮ್ಮ, ನೀನು ಒಳ್ಳೇವ್ಳು ಕಣವ್ವ, ನನ್ನ ಮಕ್ಳೂ ನಿನ್ನ ಕೈಯಾಗೇ ಉಟ್ಟಿರೋದು. ಆದ್ರೆ ನನ್ನ ಜೀವದ ಪ್ರಶ್ನೆ. ಸೊಸೆ ತರೋಕೋಗಿ ನಾನು ಚಟ್ಟ ಏರ್ಲಾ? ನೋಡು, ನಮ್ಮ ಕೆಂಪಾಜಮ್ಮ ಬಂದು ಎಂಟೊರ್ಸ ಆಯ್ತು. ಎಂಥ ಜಾತ್ಕ ಅವಳ್ದು! ನಂಗೊಂದು ನೆಗಡಿ ಬಂದಿಲ್ಲ. ಜಾತ್ಕ ಅಂದ್ರೆ ಅಂಗಿರ್ಬೇಕು."

ಆದರೆ ಬಷೀರಾಬಿಗೆ ಗೊತ್ತಿತ್ತು, ಕೆಂಪಾಜಮ್ಮ ಅಪ್ಪಟ ಮೂಲಾ ನಕ್ಷತ್ರದಲ್ಲಿ ಹುಟ್ಟಿದವಳು.

ಅದು ಇನ್ನೂ ಹಿಂದಿನ ಮಾತು. ಹಾರನಹಳ್ಳಿಯ ಕಡೆಯ ಒಂದು ಮನೆ, ಇಪ್ಪತ್ತನಾಲ್ಕು ವರ್ಷದ ಹಿಂದೆ. ಇದೇ ಜೋಯಿಸರು ಜಗಲಿಯ ಮೇಲೆ ಕೂತು, ದೀಪ ಹಚ್ಚುವ ಹೊತ್ತಿನ ತನಕ ಮೂಲಾ, ಹೆಣ್ಣಾದರೆ ಕಷ್ಟ ಎಂದು ಒಳಗಿದ್ದವರಿಗೂ ಕೇಳುವಂತೆ ಹೇಳುತ್ತಿದ್ದರು. ಬಿಸಿಲು ಇಳಿಯುವ ಮುಂಚೆಯೇ ಹೆಣ್ಣು ಹುಟ್ಟಿತು. ಆಗಲೇ ಎರಡು ಹೆಣ್ಣಿದ್ದ ತಾಯಿ, ರಕ್ತದಲ್ಲಿ ತೊಯ್ದು ಮಲಗಿದ್ದಲ್ಲಿಂದಲೇ ಬಷೀರಾಬಿಯ ಕಾಲು ಹಿಡಿದಳು. "ದೀಪ ಅಚ್ಚೋಗಂಟ ಉರುಳಿಸಬೇಡ ಕಣವ್ವ." ಬಷೀರಾಬಿ ಜೇನು ಅದ್ದಿದ ಬಟ್ಟೆಯನ್ನು ಕೂಸಿನ ಬಾಯಿಗಿಟ್ಟು, ಒಂದು ಕೈಯಲ್ಲಿ ಕೂಸು ಒಂದು ಕೈಯಲ್ಲಿ ಹಣ್ಣು ಹಿಡಿದು, ಹೊರಗೆ ದೀಪ ಹಚ್ಚುವವರೆಗೆ ಕೂತಿದ್ದಳು. ಆಮೇಲೆ ಉರುಳಿಸಿದಳು. ಜೋಯಿಸರು ಗಡಿಯಾರ ನೋಡಿ, ಅದೃಷ್ಟವಂತೆ, ಪೂರ್ವಾಷಾಢ ಎಂದರು.

ಆ ಅದೃಷ್ಟವಂತೆ ಬಡಿಸಿದ ಮುದ್ದೆಯನ್ನು ಎಂಟು ವರ್ಷ ತಿಂದು ದೇವಯ್ಯ ಹೋರಿಯ ಹಾಗೆ ಇದ್ದಾನೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಬಾಯಿ ತೆರೆದು ಒಂದು ಮಾತು ಹೇಳಿದರೆ ಜೋಯಿಸರ ಪಂಚಾಂಗ ಸುಟ್ಟು ಬೂದಿಯಾಗುತ್ತಿತ್ತು. ಆದರೆ ಮೊದಲು ಸುಡುವುದು ಪಂಚಾಂಗವಲ್ಲ, ಕೆಂಪಾಜಮ್ಮ. ತುಂಬು ಬಸುರಿಯನ್ನು ಅವತ್ತೇ ಗಾಡಿ ಹತ್ತಿಸಿ ತವರಿಗೆ ಅಟ್ಟುತ್ತಿದ್ದರು. ಸುಳ್ಳನ್ನು ಕಾಯುತ್ತಿರುವವರು ಜೋಯಿಸರಲ್ಲ, ಅದರ ಬಾಯಿಗೆ ಸಿಕ್ಕ ಹೆಂಗಸರೇ ಎಂದು ಬಷೀರಾಬಿಗೆ ಹೊಳೆಯಿತು. ಎದ್ದು ಬಂದಳು.

ಬುಧವಾರ ಬೆಳಗ್ಗೆ ದೇವಯ್ಯನ ಗಾಡಿ ಅವಳ ಮನೆಯ ಮುಂದೆ ನಿಂತಿತು. ಕೆಂಪಾಜಮ್ಮನಿಗೆ ನೋವು ಶುರುವಾಗಿತ್ತು.

ದೇವಯ್ಯನದು ಉದ್ದದ ತೊಟ್ಟಿಮನೆ. ಹೆರುವ ಕೋಣೆ ಹಿತ್ತಲ ಕಡೆ, ಜಗಲಿ ಬೀದಿಯ ಕಡೆ, ಒಳಗೆ ಕೊಂಬೂದಿದರೂ ಅಲ್ಲಿಗೆ ಕೇಳದು. ದೇವಯ್ಯನ ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು. ಪಕ್ಕದ ಮನೆಯ ಮರಮ್ಮ ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದಳು, ಹಣ್ಣು ಉರುಳಿದರೆ ಎತ್ತಿಕೊಂಡು ಜಗಲಿಗೆ ಓಡುವ ಕೆಲಸವೂ ಅವಳದೇ. ಕೋಣೆಯಲ್ಲಿ ಇವರಿಬ್ಬರೇ. ನೋವಿನ ನಡುವೆ ಬಿಡುವು ಸಿಕ್ಕಾಗ ಕೆಂಪಾಜಮ್ಮ ಬಷೀರಾಬಿಯ ಮಣಿಕಟ್ಟು ಹಿಡಿದಳು.

"ಸೋಮಾರ ನೀನು ಆಡಿದ್ದೆಲ್ಲ ಬಾಗಿಲ ಸಂದೀಲಿ ನಿಂತು ಕೇಳ್ದೆ. ನಂದು ಏಳಿಬುಡ್ತೀಯೇನೋ ಅಂತ ಎದೆ ಒಡ್ಕೊಂತಿತ್ತು."

ಬಷೀರಾಬಿ ಬೆಚ್ಚಿದಳು. "ನಿಂಗೊತ್ತಾ?"

"ನಮ್ಮವ್ವ ಸಾಯೋವಾಗ ಏಳಿದ್ಲು. ಎಂಟೊರ್ಸದಿಂದ ಮಾವಯ್ಯ ಕೆಮ್ಮಿದ್ರೆ ನಂಗೆ ನಿದ್ದೆ ಬರಾಕಿಲ್ಲ ಬೀಬಮ್ಮ. ಅವ್ರು ಸಾಯ್ತಾರೆ ಅಂತಲ್ಲ. ಸತ್ರೆ ನಾನೇ ಕೊಂದೆ ಅಂತ ನಂಗೇ ಅನ್ಸುತ್ತಲ್ಲ, ಅದಕ್ಕೆ." ಇನ್ನೊಂದು ನೋವು ಬಂದು ಹೋಯಿತು. ಅವಳು ತುಟಿ ಕಚ್ಚಿಕೊಂಡು, ಬಷೀರಾಬಿಯ ಸೊಂಟದಲ್ಲಿದ್ದ ಹಣ್ಣನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. "ನಂಗೆ ಇಡ್ಕೊಂಡಂಗೆ ಇದನ್ನೂ ಇಡ್ಕೊ. ಉರುಳಿಸಬೇಡ. ಅವರಿಗೆ ಜಾತ್ಕ ಬೇಕು, ಹೊತ್ತು ನಿನ್ನ ಕೈಯಾಗೈತೆ. ಸುಂದ್ರಿ ಈ ಮನೆಗೆ ಬರೋಗಂಟ ಬುಡಬೇಡ."

"ನಿನ್ನ ಕೂಸಿನ ಜಾತ್ಕ ಕಣವ್ವ."

"ಜಾತ್ಕ ಏನು ಹಾಲು ಕುಡಿಸ್ತದಾ?"

ಬಷೀರಾಬಿ ಮೂವತ್ತು ವರ್ಷದಲ್ಲಿ ಎಷ್ಟೋ ಗಟ್ಟಿಗಿತ್ತಿಯರನ್ನು ನೋಡಿದ್ದಳು. ಹೆರುತ್ತಾ ಮಲಗಿರುವಾಗ ಇನ್ನೊಬ್ಬಳ ಮದುವೆ ಮಾಡಿಸಲು ಹೊರಟವಳನ್ನು ನೋಡಿರಲಿಲ್ಲ. ಅವಳ ಹಣೆಯ ಬೆವರೊರೆಸಿ ಕೆಲಸಕ್ಕೆ ಕೂತಳು. ಹೆರಿಗೆ ಸಲೀಸಾಗಿ ಆಯಿತು. ಗಂಡುಕೂಸು, ದಪ್ಪ ತಲೆ, ಅಜ್ಜನದೇ ಮೂಗು. ಬಷೀರಾಬಿ ಆತುರಪಡಲಿಲ್ಲ. ಬಳ್ಳಿ ಕೊಯ್ದು, ನೀರು ಹಾಕಿ, ಬಾಣಂತಿಗೆ ಹೊದೆಸಿ, ಕೂಸಿಗೆ ಮೊಲೆ ಹಿಡಿಸಿ, ಅದು ಕುಡಿದು ನಿದ್ದೆ ಹೋದ ಮೇಲೆ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ತೊಟ್ಟಿ ದಾಟಿ ಜಗಲಿಗೆ ಬಂದಳು.

ಜಗಲಿಯಲ್ಲಿ ದೇವಯ್ಯ, ಜೋಯಿಸರು, ನಾಲ್ಕೈದು ಜನ ನೆಂಟರು. ಚಲುವಯ್ಯ ಕಂಬಕ್ಕೊರಗಿ ಮುಖ ಇಳಿಬಿಟ್ಟುಕೊಂಡು ನಿಂತಿದ್ದ. ಗಡಿಯಾರದಲ್ಲಿ ಎರಡು ಗಂಟೆ ದಾಟಿತ್ತು.

"ಗಂಡು ಕಣ್ರೀ ಗೌಡ್ರೆ," ಎಂದಳು ಬಷೀರಾಬಿ.

ದೇವಯ್ಯ ಮೊದಲು ಹಲ್ಲು ಕಿರಿದ, ಆಮೇಲೆ ಹೌಹಾರಿದ. "ನಿಂಬೆಣ್ಣೆಲ್ಲಿ?"

ಅವಳು ಸೊಂಟದಿಂದ ತೆಗೆದು ತೋರಿಸಿದಳು. "ಇಲ್ಲೈತೆ."

"ಅಯ್ಯೋ ನಿನ್ನ! ಯಾವಾಗ ಉಟ್ತು?"

"ಆಗ್ಲೇ."

"ಆಗ್ಲೇ ಅಂದ್ರೆ ಎಷ್ಟೊತ್ಗೆ?"

"ನನ್ನತ್ರ ಗಡಿಯಾರ ಎಲ್ಲೈತೆ ಗೌಡ್ರೆ? ಗ್ರಹಗಳು ಹಣ್ಣು ಉರುಳಿಸ್ತವೆ ಅಂತ ಸ್ವಾಮ್ಯೋರು ಮೊನ್ನೆ ಏಳಿದ್ರಲ್ಲ, ಅವೇ ಉರುಳಿಸ್ಲಿ ಅಂತ ನಾನು ಸೊಂಟದಾಗೇ ಇಟ್ಕೊಂಡು ಕಾಯ್ತಿದ್ದೆ. ಯಾಕೋ ಉರುಳಿಸ್ಲಿಲ್ಲ."

ನೆಂಟರಲ್ಲಿ ಒಬ್ಬ ಕಿಸಕ್ಕೆಂದ. ಜೋಯಿಸರ ಮುಖ ಕೆಂಪಾಯಿತು. ದೇವಯ್ಯನಿಗೆ ನಗು ಬರುವ ಸ್ಥಿತಿ ಇರಲಿಲ್ಲ. ಮೊಮ್ಮಗನಿಗೆ ಜಾತಕವಿಲ್ಲದೆ ಹೋದರೆ ಹೆಸರಿಗೆ ಅಕ್ಷರವಿಲ್ಲ, ಅಕ್ಷರಾಭ್ಯಾಸಕ್ಕೆ ಮುಹೂರ್ತವಿಲ್ಲ, ಹೆಣ್ಣು ಕೊಡುವವರಿಲ್ಲ ಎಂದು ಎದೆ ಹಿಡಿದುಕೊಂಡು, "ಏನಾರ ಮಾಡಿ ಸ್ವಾಮಿ, ಏನಾರ ಮಾಡಿ" ಎಂದು ಜೋಯಿಸರಿಗೆ ಜೋತುಬಿದ್ದ.

ಜೋಯಿಸರಿಗೆ ಇದು ಮರ್ಯಾದೆಯ ಪ್ರಶ್ನೆ. ನಿಂಬೆಹಣ್ಣಿಲ್ಲದೆ ತಾವು ಬರಿಗೈಯಲ್ಲಿ ಎದ್ದು ಹೋದರೆ ತಮ್ಮ ವಿದ್ಯೆ ಒಬ್ಬ ಸೂಲಗಿತ್ತಿಯ ಸೊಂಟದಲ್ಲಿದೆ ಎಂದು ಊರು ಆಡಿಕೊಳ್ಳುತ್ತದೆ. ಪಂಚಾಂಗ ತಿರುವಿ, ಬೆರಳು ಎಣಿಸಿ, ಗಂಟಲು ಸರಿಮಾಡಿಕೊಂಡರು. "ಗಾಬರಿ ಬೇಡ ಗೌಡರೆ. ಇವತ್ತು ಬುಧವಾರ. ಒಂದೂವರೆಗೆ ರಾಹುಕಾಲ ಕಳೆಯಿತು. ಕೂಸಿನ ಮುಖಲಕ್ಷಣ ನೋಡಿದರೆ ಅದಕ್ಕಿಂತ ಮುಂಚೆ ಹುಟ್ಟಿದ್ದಲ್ಲ. ಒಂದೂ ನಲವತ್ತು ಎಂದು ಇಟ್ಟುಕೊಳ್ಳೋಣ. ಗುರುಬಲ ಚೆನ್ನಾಗಿ ಬರುತ್ತದೆ. ವಂಶೋದ್ಧಾರಕ."

ದೇವಯ್ಯ ಉಸಿರು ಬಿಟ್ಟ. ಬಷೀರಾಬಿ ಕಾಯುತ್ತಿದ್ದದ್ದು ಇದನ್ನೇ. ಕೂಸನ್ನು ತೋಳು ಬದಲಾಯಿಸಿಕೊಂಡು ಮೆತ್ತಗೆ ಕೇಳಿದಳು.

"ಹೊತ್ತನ್ನ ಇಟ್ಕೋಬೋದಾ ಸ್ವಾಮಿ?"

"ಶಾಸ್ತ್ರದಲ್ಲಿ ಅವಕಾಶ ಉಂಟು."

"ಅಂಗಾದ್ರೆ ಸುಂದ್ರಿಗೂ ಒಂದು ಹೊತ್ತು ಇಟ್ಬುಡಿ."

ಕಂಬಕ್ಕೊರಗಿದ್ದ ಚಲುವಯ್ಯ ನೆಟ್ಟಗಾದ. ಜೋಯಿಸರು ಅದು ಬೇರೆ, ಅದಕ್ಕೆ ಹಣ್ಣು ಬಂದಿದೆ, ಇದಕ್ಕೆ ಬಂದಿಲ್ಲ ಎಂದು ಏನೋ ಹೇಳಹೊರಟರು. ಬಷೀರಾಬಿಯ ಸಿಟ್ಟು ಹದಿನಾರು ವರ್ಷದ್ದು, ಅದು ಈಗ ಬಾಯಿಗೆ ಬಂತು.

"ಕಂಡ ನನ್ನ ಮಾತು ಬೇಡ, ಕಾಣದ ನಿಮ್ಮ ಮಾತು ಬೇಕು, ಅಲ್ವಾ? ಸರಿ. ನಾನು ಈಗ್ಲೇ ಅಳ್ಳಿ ನಡುವೆ ನಿಂತು ಕುರಾನಿನ ಮೇಲೆ ಆಣೆ ಇಕ್ಕಿ ಏಳ್ತೀನಿ, ಈ ಕೂಸು ಉಟ್ಟಿದ್ದು ನಡು ರಾಹುಕಾಲದಾಗೆ ಅಂತ. ಯಾರು ಇಲ್ಲ ಅಂತಾರೋ ನೋಡ್ತೀನಿ. ಕ್ವಾಣೇಲಿ ಇದ್ದೋಳು ನಾನು. ಇಲ್ಲ, ಸುಂದ್ರೀದು ಸರಿ ಬರೀರಿ, ಇದೂ ನೀವೇಳಿದ ಹೊತ್ತೇ ಆಗ್ಲಿ, ನಾನು ಬಾಯಿ ಒಲ್ಕೊಂಡು ಓಯ್ತೀನಿ. ಈ ಹೊತ್ತು ಎಂಗೋ ಆ ಹೊತ್ತೂ ಅಂಗೇ."

"ಬೆದರಿಸ್ತೀಯಾ?" ಎಂದರು ಜೋಯಿಸರು.

"ಮೂವತ್ತೊರ್ಸದಿಂದ ನೀವು ಬೆದರಿಸ್ತಿಲ್ವಾ ಸ್ವಾಮಿ?"

ಕೂಸಿಗೆ ಎಚ್ಚರವಾಗಿ ಕುಂಯ್ಗುಟ್ಟಿತು. ದೇವಯ್ಯ ಮೊಮ್ಮಗನ ಮೂಗು ನೋಡಿದ, ಮಗನ ಮುಖ ನೋಡಿದ, ಗಡಿಯಾರ ನೋಡಿದ. ಅವನಿಗೆ ಸತ್ಯ ಗೊತ್ತಾಯಿತು ಎಂದು ಯಾರೂ ತಿಳಿಯಬಾರದು. ಅವನಿಗೆ ಬೇಕಾಗಿದ್ದದ್ದು ಅನುಕೂಲದ ಒಂದು ಕಾಗದ, ಅದು ಎರಡೂ ಕಡೆಯಿಂದ ಸಿಗುವ ಹಾಗೆ ಕಂಡಿತು. "ಬರೀರಿ ಸ್ವಾಮಿ," ಎಂದ. "ಆ ಎಣ್ಣಿಗೂ ಬರೆದುಬುಡಿ. ಗೇಯೋ ಎಣ್ಣು, ಯಾಕೆ ಬುಡಾನ."

ಜೋಯಿಸರು ಬರೆದರು. ನಕ್ಷತ್ರಗಳನ್ನು ಆಕಾಶದಿಂದ ಕಿತ್ತು ಬೇರೆ ಕಡೆ ಮೊಳೆ ಹೊಡೆಯುವುದಕ್ಕೆ ಅವರಿಗೆ ಕಾಲು ಗಂಟೆಯೂ ಬೇಕಾಗಲಿಲ್ಲ. ಬರೆದು ಮುಗಿಸಿ, ಸೂಕ್ಷ್ಮವಾಗಿ ಗಣಿಸಿದರೆ ಪೂರ್ವಾಷಾಢವೇ ಸರಿ, ಆ ದಿನ ಅವಸರದಲ್ಲಿ ಪಾದ ತಪ್ಪಿತ್ತು ಎಂದರು. ದೇವಯ್ಯ ಎದೆ ತಟ್ಟಿಕೊಂಡು, "ನಮ್ಮ ಕೆಂಪಾಜಮ್ಮನ ನಕ್ಷತ್ರವೇ! ಇನ್ನು ನಾನು ನೂರೊರ್ಸ ಇರ್ತೀನಿ ಕಣ್ಲಾ" ಎಂದು ನೆಂಟರ ಬೆನ್ನಿಗೆ ಗುದ್ದಿದ. ಕೂಸನ್ನು ವಾಪಸ್ಸು ಕೊಡಲು ಬಷೀರಾಬಿ ಒಳಗೆ ಹೋಗಿ ನಡೆದದ್ದನ್ನು ಹೇಳಿದಾಗ ಕೆಂಪಾಜಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಗುತ್ತಾ ನಗುತ್ತಾ ಅಳುವಿಗೆ ತಿರುಗಿತು.

ಹೊಸ ಜಾತಕವನ್ನು ಚಲುವಯ್ಯನ ಕೈಯಿಂದ ಇಸಿದುಕೊಂಡು ಬಷೀರಾಬಿ ಮಾಯಮ್ಮನ ಮನೆಗೆ ಹೋದಳು. ಇಳಿಹೊತ್ತು. ಸುಂದ್ರಮ್ಮ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಬಾಗಿಲಲ್ಲಿ ಕೂತು ಮಾಯಮ್ಮ ಶುಕ್ರವಾರದ ವೀಳ್ಯಕ್ಕೆ ಎಲೆ ಆರಿಸುತ್ತಿದ್ದಳು. ಬಷೀರಾಬಿ ನಿಂತ ಕಾಲಲ್ಲೇ ಎಲ್ಲ ಹೇಳಿದಳು. ಸರಗೂರಿಗೆ ಹೋಗಬೇಕಿಲ್ಲ, ಚಲುವಯ್ಯನ ಜತೆಯೇ ಮದುವೆ, ನೀನು ಮೂಲಾ ಅಲ್ಲ, ಯಾವತ್ತೂ ಅಲ್ಲ. ಹಣ್ಣು ನಿಮ್ಮವ್ವನ ಕಾಲು ತಾಗಿ ಉರುಳಿತು, ನೀನು ಬಂದದ್ದು ಆಮೇಲೆ.

ಹುಡುಗಿ ಕುಣಿಯುತ್ತಾಳೆ ಎಂದು ಅವಳು ಅಂದುಕೊಂಡಿದ್ದಳು. ಸುಂದ್ರಮ್ಮನ ಕೈಯಲ್ಲಿ ಮೊರ ನಿಂತಿತು.

"ಅಂಗಾದ್ರೆ ನಮ್ಮಪ್ಪನ್ನ ತಿಂದೋರ್ಯಾರು ಬೀಬಮ್ಮ?"

"ಯಾರೂ ಇಲ್ಲ ಕಣವ್ವ. ಚಳಿಜ್ವರ. ಕೋಟೆ ಕಾಡಿನ ಚಳಿಜ್ವರ."

"ಹಣ್ಣು ಮೊದ್ಲೇ ಉರುಳಿದ್ದು ನಿಂಗೆ ಅವತ್ತೇ ಗೊತ್ತಿತ್ತಾ?"

ಬಷೀರಾಬಿ ಸುಳ್ಳು ಹೇಳಬಹುದಾಗಿತ್ತು. ಅವತ್ತಿನ ದಿನಕ್ಕೆ ಅಷ್ಟು ಸುಳ್ಳು ಸಾಕಾಗಿತ್ತು. "ಗೊತ್ತಿತ್ತು," ಎಂದಳು.

ಹುಡುಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಬಷೀರಾಬಿ ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಅಷ್ಟರಲ್ಲಿ ಮಾಯಮ್ಮ ಎಲೆ ಬಿಟ್ಟು ಎದ್ದು ಬಂದಿದ್ದಳು. ಹದಿನಾರು ವರ್ಷದಲ್ಲಿ ಮೊದಲ ಸಲ ಮಗಳ ತಲೆ ಸವರಲೆಂದು ಕೈ ಮುಂದೆ ಮಾಡಿದಳು. "ಸುಂದ್ರಿ, ನನ್ನವ್ವ," ಎಂದಳು.

ಸುಂದ್ರಮ್ಮ ತಲೆ ಹಿಂದಕ್ಕೆ ತೆಗೆದುಕೊಂಡಳು. ಮೊರವನ್ನು ಕೆಳಗಿಟ್ಟು, ಸೆರಗು ಕೊಡವಿಕೊಂಡು ಎದ್ದು ನಿಂತು, ತಾಯಿಯ ಮುಖವನ್ನು ನೇರವಾಗಿ ನೋಡಿದಳು.

"ಈ ಸಲ ಪಕ್ಷಕ್ಕೆ ಅಪ್ಪನ ಎಡೆ ನಾನು ಇಕ್ತೀನಿ," ಎಂದಳು. "ನೀನು ಕೊಟ್ಟಿಗೇಲಿ ಕೂತ್ಕೊ."